ನೆರಳಿನ ಕಡೆಯ ಸೀಟು

ನಂಜನಗೂಡಿನ ಕಾರ್ಖಾನೆಯಿಂದ ಸಂಜೆ ಟಿ. ನರಸೀಪುರದ ಬಸ್ಸು ಹತ್ತಿದರೆ, ನಮ್ಮ ಸ್ಟೋರ್ಸ್ ಸಾಹೇಬರು ಒಂದೇ ಸೀಟಿನಲ್ಲಿ ಕೂತು ಊರು ಸೇರಿದ್ದನ್ನು ನಾನು ಕಂಡಿಲ್ಲ. ರಸ್ತೆ ತಿರುಗಿ ಮುಖಕ್ಕೆ ಬಿಸಿಲು ಬಿದ್ದರೆ ಸಾಕು, ಊಟದ ಡಬ್ಬಿ ಎತ್ತಿಕೊಂಡು ಆಚೆ ಸಾಲಿಗೆ ಹೋಗುವರು. ಮುಂದಿನ ತಿರುವಿನಲ್ಲಿ ಬಿಸಿಲು ಅಲ್ಲಿಗೂ ಬರುತ್ತಿತ್ತು. ಮತ್ತೆ ಎದ್ದು ನನ್ನ ಪಕ್ಕಕ್ಕೇ ಬರುವರು.

ನಿವೃತ್ತಿಗೆಂದು ಪಿಂಚಣಿ ಯೋಜನೆಯಲ್ಲಿ ಕೂಡಿಟ್ಟ ಹಣವನ್ನೂ ಹಾಗೆಯೇ ಓಡಾಡಿಸುತ್ತಿದ್ದರು. ಮಾರ್ಕೆಟ್ ಬಿದ್ದರೆ ಷೇರು ಫಂಡಿನಿಂದ ಬಾಂಡ್ ಫಂಡಿಗೆ, ಎದ್ದರೆ ಮತ್ತೆ ಷೇರಿಗೆ. "ಸ್ವಲ್ಪ ಒತ್ತು ಅಷ್ಟೇ ಕಣಮ್ಮ, ವಾಪಸ್ ಬತ್ತೀನಿ," ಎನ್ನುವರು. ಸೀಟು ಬಿಟ್ಟು ಏಳುವಾಗಲೂ ಅದೇ ಮಾತು.

ಹಾಗೆ ಬದಲಾಯಿಸಲು ಆ ಯೋಜನೆಯಲ್ಲಿ ವರ್ಷಕ್ಕೆ ನಾಲ್ಕೇ ಸಲ ಅವಕಾಶ. ಕೆಲಸದ ಕೊನೆಯ ವರ್ಷ ನಾಲ್ಕನ್ನೂ ಮುಗಿಸಿ ಅವರು ಬಾಂಡಿನಲ್ಲಿ ಉಳಿದರು. ಮಾರನೆಯ ವಾರದಿಂದಲೇ ಮಾರ್ಕೆಟ್ ಏರತೊಡಗಿತು, ಏರುತ್ತಲೇ ಹೋಯಿತು.

ಆ ದಿನಗಳಲ್ಲೊಂದು ಸಂಜೆ ಬಿಸಿಲು ಕಣ್ಣಿಗೇ ಹೊಡೆಯುತ್ತಿದ್ದರೂ ಅವರು ಅಲುಗಲಿಲ್ಲ.

"ಈ ಕಡೆ ಬನ್ನಿ ಸಾ," ಎಂದೆ.

"ಇರ್ಲಿ ಬುಡಮ್ಮ. ನಾನ್ ಅಲ್ಲಿಗ್ ಬರೋ ಒತ್ಗೆ ಅದೂ ಅಲ್ಲಿಗೇ ಬತ್ತದೆ."

ನನಗೆ ಕೋಪವೇ ಬಂತು. ಆ ಬಿಸಿಲ ಮೇಲೋ, ಅವರ ಮೇಲೋ ತಿಳಿಯಲಿಲ್ಲ. ಎದ್ದು ಹೋಗಿ ಅವರ ಪಕ್ಕದಲ್ಲೇ ಕೂತೆ.

ಕೆಲಸದ ಕೊನೆಯ ದಿನ ಬಸ್ಸಿಳಿಯುವಾಗಲೂ ಅವರು "ಬತ್ತೀನಿ" ಎಂದೇ ಹೇಳಿದ್ದರು. ಎರಡು ವರ್ಷವಾಯಿತು. ಈಗಲೂ ಬಸ್ಸು ತಿರುವಿಗೆ ಬಂದಾಗಲೆಲ್ಲ, ಪಕ್ಕದ ಸೀಟಿನ ಮೇಲಿಟ್ಟ ಚೀಲವನ್ನು ನನಗೇ ತಿಳಿಯದಂತೆ ಎತ್ತಿ ಮಡಿಲಲ್ಲಿಟ್ಟುಕೊಳ್ಳುತ್ತೇನೆ.