ಹಸಿರು ಪುಡಿ, ನೀಲಿ ಅಂಗಿ

ಹಿರಿಸೊಸೆಗೆ ಇದ್ದ ಒಂದೇ ಆಸ್ತಿಯೆಂದರೆ ಅವಳ ಸೊಂಟ. ಅತ್ತೆಯ ಹೊಲಿಗೆ ಅಂಗಡಿಯಲ್ಲಿ ಹನ್ನೆರಡು ವರ್ಷ ಯಂತ್ರದ ಮುಂದೆ ಕೂತರೂ ಟೇಪು ಒಂದು ನೂಲೂ ಹೆಚ್ಚು ತೋರಿಸಿರಲಿಲ್ಲ. "ಮೈಕಟ್ಟು ಅಂದ್ರೆ ನಮ್ಮ ದೊಡ್ಡವಳದು" ಎಂದು ಅತ್ತೆ ಗಿರಾಕಿಗಳಿಗೆಲ್ಲ ಹೇಳುತ್ತಿದ್ದರು. ಬೇರೆ ಯಾವುದಕ್ಕೂ ಹೊಗಳದ ಬಾಯಿ ಅದು. ಆ ಒಂದು ಮಾತನ್ನು ನೆಚ್ಚಿಕೊಂಡೇ ಅವಳು ಬಾಳಿದ್ದಳು.

ಅದೇ ಅಂಗಡಿಯ ಇಸ್ತ್ರಿ ಮೇಜು ಕಿರಿಸೊಸೆಯದು. ಅವಳು ಎಲ್ಲಿಂದಲೋ ಒಂದು ಡಬ್ಬಿ ಹಸಿರು ಪುಡಿ ತಂದು, ದಿನಾ ಬೆಳಿಗ್ಗೆ ನೀರಿಗೆ ಕದಡಿ ಗಟಗಟ ಕುಡಿಯತೊಡಗಿದಳು. ಎರಡು ತಿಂಗಳಿಗೆ ಮೈ ಇಳಿಯಿತು, ಮುಖಕ್ಕೆ ಕಳೆ ಬಂತು. ಅತ್ತೆಯ ನಾಲಿಗೆ ಪಕ್ಷ ಬದಲಾಯಿಸಿತು. "ಚಿಕ್ಕವಳನ್ನ ನೋಡಿ ಕಲೀಬೇಕು!"

ಹಿರಿಯವಳ ಹೊಟ್ಟೆಗೆ ಬೆಂಕಿ ಬಿತ್ತು. ಕದ್ದು ತಾನೂ ಮೂರು ದಿನ ಕುಡಿದಳು. ಹುಲ್ಲು ಅರೆದುಕೊಟ್ಟ ಹಾಗಿತ್ತು. ಕಳೆ ಬರಲಿಲ್ಲ, ಹೊಟ್ಟೆ ಗುಡುಗುಡು ಎಂದಿತು, ಅಷ್ಟೇ. ಉರಿಯುವ ಹೊಟ್ಟೆಗೆ ಹಸಿರು ನೀರು ಸುರಿದರೆ ಆರುತ್ತದೆಯೇ?

ಆಮೇಲೆ ಅವಳ ಬುದ್ಧಿ ಬೇರೆ ಕಡೆ ಓಡಿತು. ಅಂಗಡಿಯವರೆಲ್ಲ ತೊಡುವ ನೀಲಿ ಅಂಗಿಗಳ ರಿಪೇರಿ ಅವಳ ಕೈಯಲ್ಲೇ ಇತ್ತಲ್ಲ. ಓರಗಿತ್ತಿಯ ಅಂಗಿಯ ಪಕ್ಕದ ಹೊಲಿಗೆ ಬಿಚ್ಚಿ, ಎರಡು ನೂಲು, ಅಂದರೆ ಕಾಲಿಂಚು, ಒಳಗೆ ಹಿಡಿದು ಹೊಲಿದಳು. ಮುಂದಿನ ವಾರ ಇನ್ನೆರಡು ನೂಲು. ಹೀಗೇ ಐದು ವಾರ. ಕಿರಿಯವಳು ಉಸಿರು ಬಿಗಿಹಿಡಿದು ಇಸ್ತ್ರಿ ತಳ್ಳುವುದನ್ನು ಕಂಡು ಅತ್ತೆ, "ಪುಡಿ ಕುಡಿದು ಊದಿಕೊಂಡ್ಯಲ್ಲೇ!" ಎಂದು ನಕ್ಕರು. ಹಿರಿಯವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಒಂದು ಮಧ್ಯಾಹ್ನ ಗಿರಾಕಿಯ ಮುಂದೆಯೇ ಕಿರಿಯವಳ ಅಂಗಿಯ ಗುಂಡಿ ಪಟ್ಟೆಂದು ಕಿತ್ತು ಹಾರಿತು. ಅವಳು ಒಳಗೆ ಹೋಗಿ ಬೇರೆ ಬಟ್ಟೆ ಹಾಕಿಕೊಂಡು, ಆ ಅಂಗಿಯನ್ನು ಯಂತ್ರದ ಮೇಲೆ ತಂದಿಟ್ಟಳು.

"ಅಕ್ಕಾ, ಇನ್ನು ಸಡಿಲ ಮಾಡ್ಕೊಡಿ. ಉಸಿರಾಡೋಕೆ ಆಗ್ತಿಲ್ಲ. ಹಳೇ ಸೂಜಿ ತೂತೆಲ್ಲ ಹೊರಗೆ ಬರುತ್ತೆ, ಪರವಾಗಿಲ್ಲ. ಒದ್ದೆ ಬಟ್ಟೆ ಹಾಕಿ ಒತ್ತಿ ಮುಚ್ತೀನಿ. ಅತ್ತೆಗೆ ಗೊತ್ತಾಗಲ್ಲ."

"ಯಾವ ತೂತು?"

"ಒಳಗಡೆ ಐದು ಸಾಲು ಇದೆಯಲ್ಲ ಅಕ್ಕಾ. ವಾರಾ ವಾರಾ ಇದನ್ನ ಇಸ್ತ್ರಿ ಮಾಡೋಳು ನಾನೇ ಅಲ್ವಾ?"

ಕಣ್ಣು ಮುಚ್ಚಿ ಹಾಲು ಕುಡಿದ ಬೆಕ್ಕಿಗೆ ಇಸ್ತ್ರಿ ಮೇಜು ನೆನಪೇ ಆಗಿರಲಿಲ್ಲ. ಅವಳು ತಲೆ ತಗ್ಗಿಸಿ ಹೊಲಿಗೆ ಬಿಚ್ಚತೊಡಗಿದಳು. ನಾಚಿಕೆಯಾಯಿತು, ನಿಜ. ಆದರೆ ಅದಕ್ಕಿಂತ ಮುಂಚೆ ಹೊಟ್ಟೆಕಿಚ್ಚೇ ಬಂತು: ಇಷ್ಟು ಒಳ್ಳೆಯವಳಾಗಿರೋಕೆ ಇವಳು ಇನ್ಯಾವ ಡಬ್ಬಿಯಿಂದ ಕುಡಿಯುತ್ತಾಳೋ!