ಕುಂಬಳಬಳ್ಳಿಯ ಕೆಳಗಿನ ಮನೆ

ಗೋವಾದ ಪರ್ವರಿಯ ವಿರೋಧ ಪಕ್ಷದ ಎಮ್ಮೆಲ್ಲೆ ಸಾಹೇಬರ ಮನೆಯಲ್ಲಿ ನೆಲ ಒರೆಸುವ ಫಕೀರವ್ವ ಹನ್ನೊಂದು ವರ್ಷಗಳಿಂದ ಸಭಾಧ್ಯಕ್ಷಳೂ ಹೌದು. ಅಧಿವೇಶನದ ದಿನ ಬೆಳಗ್ಗೆ ಸಾಹೇಬರು ಕಾಗದ ಹಿಡಿದು ಪಡಸಾಲೆಯಲ್ಲಿ ಅಡ್ಡಾಡುತ್ತ ಭಾಷಣದ ತಾಲೀಮು ಮಾಡುತ್ತಾರೆ. ಎದುರಿಗೆ ಯಾರಾದರೂ ಇರಲೇಬೇಕು. ಅವರ ಹೆಂಡತಿ ಎಂದೋ ಕೈಮುಗಿದು ಒಳಗೆ ಹೋದವರು ಮತ್ತೆ ಆ ಹೊತ್ತಿಗೆ ಹೊರಗೆ ಬಂದಿಲ್ಲ. ಹಾಗಾಗಿ ಒರೆಸುವ ಕೋಲು ಹಿಡಿದ ಫಕೀರವ್ವನೇ ‘ಅಧ್ಯಕ್ಷ ಮಹೋದಯ’. ಅವರ ಕೊಂಕಣಿ ಅವಳಿಗೆ ಮುಕ್ಕಾಲು ಅರ್ಥವಾಗುತ್ತದೆ. ಒದ್ದೆ ನೆಲಕ್ಕೆ ಕಾಲಿಟ್ಟರೆ ಮಾತ್ರ, “ಬಾಬ, ಹಿಂದಕ್ಕ ಸರೀರಿ” ಎಂದು ಗದರುತ್ತಾಳೆ.

ಆ ದಿನದ ಭಾಷಣ ಅವಳ ಮನೆಯಂಥ ಮನೆಗಳ ಕುರಿತೇ ಆಗಿತ್ತು.

“ಅಧ್ಯಕ್ಷ ಮಹೋದಯ, ಕಳೆದ ಸಲ ಬೆಳಗ್ಗೆ ತಂದ ಮಸೂದೆ ಸಂಜೆಗೆ ಪಾಸಾಯಿತು. ಓದುವುದಕ್ಕೂ ಬಿಡಲಿಲ್ಲ. ಸರಕಾರಿ ಜಾಗದ ಮನೆಗಳನ್ನು ಸಕ್ರಮ ಮಾಡುತ್ತೀರಂತೆ. ಅರ್ಜಿ ಹಾಕಿದವನು, ಜಾಗ ನನ್ನದಲ್ಲ ಎಂದು ತಾನೇ ಬರೆದುಕೊಟ್ಟ ಹಾಗಾಯಿತು. ಅರ್ಜಿ ಬಿದ್ದುಹೋದರೆ ಅದೇ ಕಾಗದ ಹಿಡಿದು ಬುಲ್ಡೋಜರ್ ಬರುತ್ತದೆ! ಮನೆ ಎಣಿಸುವ ಡ್ರೋನಿಗೆ ಕೋಟಿಗಟ್ಟಲೆ ಸುರಿದಿದ್ದೀರಿ. ಆ ಮನೆಗಳಿಗೆ ಒಂದು ನಲ್ಲಿ ಹಾಕಿಸಲು ನಿಮ್ಮಲ್ಲಿ ದುಡ್ಡಿಲ್ಲ!”

ಫಕೀರವ್ವನ ಕೋಲು ನಿಂತಿತು.

ಗದಗ ಸೀಮೆಯಿಂದ ಗಾರೆ ಕೆಲಸದ ಬಾಲಪ್ಪನ ಕೈಹಿಡಿದು ಬಂದವಳು ಅವಳು. ಗುಡ್ಡದ ಹಿಂದಿನ ಸರಕಾರಿ ಜಾಗದಲ್ಲಿ ಗಂಡ ಹೆಂಡತಿ ಕೂಡಿ ನಾಲ್ಕು ಗೋಡೆ ಎಬ್ಬಿಸಿ ತಗಡು ಹೊದಿಸಿದ್ದರು. ಮೊದಲ ಬೇಸಿಗೆಯಲ್ಲಿ ತೊಟ್ಟಿಲ ಕೂಸು ಕಾವಿಗೆ ಬೆಂದು ಅತ್ತಾಗ, ತವರಿನಿಂದ ತಂದ ಕುಂಬಳಬೀಜ ಊರಿ ಬಳ್ಳಿಯನ್ನು ತಗಡಿಗೆ ಹಬ್ಬಿಸಿದಳು. ಪಾತ್ರೆ ತೊಳೆದ ನೀರೆಲ್ಲ ಅದಕ್ಕೇ. ವರ್ಷ ವರ್ಷ ಹೊಸ ಬಳ್ಳಿ. ಈಗ ಮೇಲೆ ಹಾರುವ ಕಾಗೆಗೂ ಅಲ್ಲೊಂದು ಮನೆಯಿದೆ ಅನ್ನಿಸುವುದಿಲ್ಲ.

ನಿನ್ನೆಯಷ್ಟೇ ಬಾಲಪ್ಪ ಹೇಳಿದ್ದ: “ಗುರುವಾರ ಡ್ರೋನ್ ಬರತೈತಿ. ಬಳ್ಳಿ ಕಡದು ಹಾಕು. ಮ್ಯಾಲಿಂದ ಕಾಣದ ಮನಿ ಸಕ್ರಮದ ಪಟ್ಟಿಯಾಗ ಬರೂದಿಲ್ಲಂತ.”

“ಬಾಬ, ಒಂದು ಕೇಳ್ಲಿ?”

“ಅಧ್ಯಕ್ಷರು ಪ್ರಶ್ನೆ ಕೇಳುವ ಹಾಗಿಲ್ಲ” ಎಂದು ಸಾಹೇಬರು ನಕ್ಕರು.

“ಗುರುವಾರ ನಮ್ಮ ಮ್ಯಾಲ ಡ್ರೋನ್ ಬರತೈತ್ರಿ. ಬಳ್ಳಿ ಕಡೀಲೋ, ಬಿಡ್ಲೋ?”

ಸಾಹೇಬರು ಕನ್ನಡಕ ತೆಗೆದರು. “ಕಡಿದರೆ ಮನೆ ಕಾಣುತ್ತದೆ.”

“ಹೌದ್ರಿ.”

“ಕಂಡರೆ ಪಟ್ಟಿಗೆ ಸೇರುತ್ತದೆ. ಸೇರಿದರೆ...” ಕಾಗದ ತಿರುವಿ ನೋಡಿದರು. ಹಿಂದೆ ಏನೂ ಬರೆದಿರಲಿಲ್ಲ. “ಈ ಕಾನೂನೇ ಸರಿಯಿಲ್ಲ, ಫಕೀರಾ.”

“ಅದು ತಿಳೀತ್ರಿ. ಬಳ್ಳಿ?”

ಹೊರಗೆ ಕಾರಿನವನು ಹಾರ್ನ್ ಹಾಕಿದ. ಅವರು ಒದ್ದೆ ನೆಲದ ಮೇಲೇ ಹೆಜ್ಜೆ ಹಾಕಿ ನಡೆದರು. ಅವಳಿಗೆ ಗದರುವುದು ಮರೆತೇ ಹೋಯಿತು. ಬಾಗಿಲವರೆಗಿನ ಹೆಜ್ಜೆಗಳನ್ನು ಒಂದೊಂದಾಗಿ ಒರೆಸಿದಳು. ಸಾಹೇಬರು ಸುಳ್ಳು ಹೇಳುವವರಲ್ಲ. ಬಾಲಪ್ಪನೂ ಅಲ್ಲ.

ಗುರುವಾರ ಕುಡುಗೋಲು ಹಿಡಿದು ಏಣಿ ಹತ್ತಿದಳು. ಪಕ್ಕದ ಮನೆಯ ಸುಗರಾಬಿ ಕೆಳಗಿನಿಂದ ಕೂಗಿದಳು: “ನಾ ನನ್ನ ತಗಡಾ ತಿಕ್ಕಿ ತೊಳದೇನವಾ. ಮದುಮಗಳಂಗ ಹೊಳ್ಯಾಕತ್ತೈತಿ ನೋಡು!”

“ಮದುಮಗಳನ್ನ ನೋಡಾಕ ಬರೂದು ಬೀಗರೋ, ಪೊಲೀಸರೋ?”

“ಯಾರರ ಬರ್ಲಿ, ಚಾ ಕುಡಿಸೂನು!”

ಬಳ್ಳಿಯಲ್ಲಿ ಮೂರು ಕಾಯಿ ಇದ್ದವು. ತಗಡಿನಂಚಿನ ದಪ್ಪ ದಂಟಿನ ಮೇಲೆ ಕುಡುಗೋಲು ಇಟ್ಟಳು, ತೆಗೆದಳು. ಮತ್ತೆ ಇಟ್ಟಳು. ಅಷ್ಟರಲ್ಲಿ ಗುಡ್ಡದ ಆಚೆಯಿಂದ ದುಂಬಿಯ ಹಾಗೆ ಗುಂಯ್ ಎನ್ನುವ ಸದ್ದು. ಕುಡುಗೋಲು ಬಿಸಾಕಿ, ಎರಡೂ ಕೈಯಿಂದ ಬಳ್ಳಿ ತಬ್ಬಿ ಒಂದು ಪಕ್ಕಕ್ಕೆ ಎಳೆದಳು. ಅರ್ಧ ತಗಡು ಬಿಸಿಲಿಗೆ ಹೊಳೆಯಿತು.

“ಫಕೀರವ್ವಾ, ಇಳಿಯೇ! ಫೋಟೋದಾಗ ನೀನೂ ಬರ್ತಿ!”

ಇಳಿಯಲು ಹೊತ್ತಿರಲಿಲ್ಲ. ಸೆರಗು ತಲೆಗೆ ಎಳೆದುಕೊಂಡು, ಕಾಯಿಗಳು ಉರುಳದಂತೆ ಎದೆಗೆ ಒತ್ತಿ ಏಣಿಯ ಮೇಲೇ ನಿಂತಳು. ಡ್ರೋನ್ ನೆತ್ತಿಯ ಮೇಲೆ ಒಂದು ಗಳಿಗೆ ನಿಂತಿತು, ಮುಂದೆ ಹೋಯಿತು. ಮನೆ ಕಂಡಿತೋ, ಬಳ್ಳಿ ಕಂಡಿತೋ ಯಾರಿಗೆ ಗೊತ್ತು.

ತಗಡು ಆಗಲೇ ಕಾಯತೊಡಗಿತ್ತು. ಅವಳು ಬಳ್ಳಿಯನ್ನು ಮೆಲ್ಲಗೆ ಅದರ ಜಾಗಕ್ಕೆ ಎಳೆದು, ಕಾಯಿಗಳನ್ನು ಎಲೆಗಳ ಅಡಿಗೆ ಸರಿಸಿದಳು.