ಆಟಿ ಹದಿನೆಂಟರ ಮರುದಿನ

ಮೂತ್ರದ ಬಣ್ಣ ನೋಡುವುದು ನನ್ನ ಉದ್ಯೋಗ. ಹೀಗೆಂದರೆ ಎದುರಿಗಿದ್ದವರು ಕೈಯಲ್ಲಿರುವ ಕಾಫಿಯನ್ನು ಮೆಲ್ಲಗೆ ಕೆಳಗಿಡುತ್ತಾರೆ. ಅದಕ್ಕೇ ನನ್ನ ಮದುವೆಯ ಮಾತುಕತೆಯಲ್ಲಿ ಅಪ್ಪ "ಮಗಳು ಮಡಿಕೇರೀಲಿ ಲ್ಯಾಬ್ ಟೆಕ್ನಿಷಿಯನ್" ಎಂದಷ್ಟೇ ಹೇಳಿ ಬಾಯಿ ಮುಚ್ಚಿಕೊಂಡರು. ರಕ್ತವನ್ನೂ ನೋಡುತ್ತೇನೆ, ಕಫವನ್ನೂ ನೋಡುತ್ತೇನೆ. ಆದರೆ ಅತ್ತೆಮನೆಯಲ್ಲಿ ನನ್ನ ಮರ್ಯಾದೆ ತೆಗೆದದ್ದು ಮೊದಲು ಹೇಳಿದ ವಸ್ತುವೇ.

ನಾನು ಶನಿವಾರಸಂತೆ ಕಡೆಯವಳು. ಕೊಟ್ಟದ್ದು ಗಾಳಿಬೀಡಿನ ಅರೆಭಾಷೆ ಆಡುವ ಮನೆಗೆ. ಮದುವೆಯಾದ ಮೊದಲ ಆಟಿ ತಿಂಗಳಲ್ಲಿ ಹೊಸ ಸೊಸೆ ತವರಲ್ಲಿರಬೇಕು, ಹೋಗಿ ಇದ್ದು ಬಂದೆ. ಹಾಗಾಗಿ ಈ ಮನೆಯ ಆಟಿಯನ್ನು ನಾನು ಕಂಡದ್ದು ಎರಡನೇ ವರ್ಷ. ಆಟಿ ಅಂದರೆ ಮಳೆ ಹಿಡಿದರೆ ಬಿಡದ ತಿಂಗಳು. ಶೀತ, ಕೆಮ್ಮು, ಜ್ವರಗಳು ಕರೆಯದ ನೆಂಟರ ಹಾಗೆ ಬಂದು ಕೂರುವ ತಿಂಗಳು. ತೋಟದ ಬೇಲಿಯಂಚಿನಲ್ಲಿ ಬೆಳೆಯುವ ಮದ್ದುಸೊಪ್ಪಿಗೆ ಆ ತಿಂಗಳು ದಿನಕ್ಕೊಂದರಂತೆ ಔಷಧಿಯ ಗುಣ ಸೇರುತ್ತಾ ಹೋಗಿ, ಹದಿನೆಂಟನೇ ದಿನಕ್ಕೆ ಹದಿನೆಂಟು ಬಗೆಯ ಮದ್ದು ತುಂಬಿಕೊಳ್ಳುತ್ತದಂತೆ. ಅಂದು ಅದನ್ನು ಬೇಯಿಸಿ, ಆ ಕಡುನೇರಳೆ ನೀರಿನಲ್ಲಿ ಅಕ್ಕಿ, ಬೆಲ್ಲ, ತೆಂಗಿನಹಾಲು ಹಾಕಿ ಪಾಯಸ ಮಾಡಿ ತಿಂದರೆ ವರ್ಷವಿಡೀ ಕಾಯಿಲೆ ಹತ್ತಿರ ಸುಳಿಯುವುದಿಲ್ಲ. ಮರುದಿನ ತಪ್ಪಿ ಕೊಯ್ದರೆ ಅದು ಬರೀ ಸೊಪ್ಪು.

ಮದ್ದು ಹತ್ತಿದೆಯೋ ಇಲ್ಲವೋ ಎಂದು ತಿಳಿಯುವ ಪರೀಕ್ಷೆಯೂ ಉಂಟು. ಮರುದಿನ ಬೆಳಿಗ್ಗೆ ಮೂತ್ರ ಕೆಂಪಗಾಗಬೇಕು. ಅವತ್ತು ನಮ್ಮ ಲ್ಯಾಬಿಗೆ ಬರುವ ಡಬ್ಬಿಗಳನ್ನು ಸಾಲಾಗಿ ಇಟ್ಟರೆ ಶರಬತ್ತಿನ ಅಂಗಡಿ. ಒಂದು ವರ್ಷ ಬಯಲುಸೀಮೆಯಿಂದ ಹೊಸದಾಗಿ ಬಂದ ಡಾಕ್ಟರೊಬ್ಬರು ಅದನ್ನು ನೋಡಿ, ಊರಿಗೆ ಊರೇ ರಕ್ತ ಹೋಗುವ ಕಾಯಿಲೆಗೆ ಬಿದ್ದಿದೆ ಎಂದು ಫೋನ್ ಕೈಗೆತ್ತಿಕೊಂಡಿದ್ದರು. ಅವರನ್ನು ಹಿಡಿದು ಕೂರಿಸಿ ಒಂದು ಲೋಟ ನೀರು ಕೊಟ್ಟವಳು ನಾನೇ.

ಮನೆಯಲ್ಲಿ ನಾವು ಐದು ಜನ. ನಾನು, ಗಂಡ, ಅತ್ತೆ, ಮಾವ ಮತ್ತು ಮಾವನ ತಾಯಿ, ಅಂದರೆ ಅಜ್ಜಿ. ಅಜ್ಜಿಗೆ ಎದೆ ಸ್ವಲ್ಪ ಬಲಹೀನ, ಮಳೆಗಾಲದಲ್ಲಿ ಒಂದು ಕೆಮ್ಮು ಹಿಡಿದರೆ ಮನೆಯವರೆಲ್ಲರ ಜೀವ ಬಾಯಿಗೆ ಬರುತ್ತಿತ್ತು. ಕಣ್ಣಿಗೂ ಪೊರೆ. ಆದರೂ ಸಂಜೆ ನಾನು ಕೆಲಸದಿಂದ ಬಂದು ಸ್ನಾನ ಮಾಡಿದ ಮೇಲೆ ಕೂಗಿ ಕರೆದು, ನನ್ನ ತಲೆಗೆ ಎಣ್ಣೆ ಹಚ್ಚಿ, ತಡವಿ ತಡವಿ ಬಾಚಿ ಜಡೆ ಹಾಕುತ್ತಿದ್ದರು. ನನ್ನ ಅಮ್ಮ ನಾನು ಶಾಲೆಗೆ ಹೋಗುವಾಗಲೇ ತೀರಿಕೊಂಡಿದ್ದಳು. ಆಮೇಲೆ ನನ್ನ ತಲೆ ಬಾಚಿದವರು ಯಾರೂ ಇರಲಿಲ್ಲ. ಆ ಹೊತ್ತಿಗಾಗಿಯೇ ನಾನು ಸಂಜೆಯ ಬಸ್ಸಿಗೆ ಓಡುತ್ತಿದ್ದೆ.

ಮಳೆಗಾಲ ಹಿಡಿಯುವ ಮೊದಲು ನನಗೆ ಕೆಲಸದ ಜಾಗದಲ್ಲೇ ಫ್ಲೂ ಲಸಿಕೆ ಹಾಕಿಸಿದ್ದರು. ನೀವೂ ಹಾಕಿಸಿಕೊಳ್ಳಿ ಎಂದು ಮನೆಯಲ್ಲಿ ಹೇಳಿದೆ. "ನಂಗೆ ಸೂಜಿ ಗೀಜಿ ಬೇಡ, ಆಟಿ ಹದಿನೆಂಟು ಬರ್ತುಟ್ಟು" ಎಂದರು ಮಾವ. ಅತ್ತೆ ನಕ್ಕು ಒಳಗೆ ಹೋದರು. ಗಂಡ, ಯಾವಾಗಿನಂತೆ, ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ, ಅದೂ ಒಳ್ಳೆಯದೇ ಇದೂ ಒಳ್ಳೆಯದೇ ಅಂದ. ಅಜ್ಜಿ ಮಾತ್ರ ತೋಳು ಚಾಚಿ, "ನಂಗೆ ಹಾಕ್ಸು. ಅದೂ ಇರ್ಲಿ, ಇದೂ ಇರ್ಲಿ" ಎಂದು ನನ್ನೊಡನೆ ಮಡಿಕೇರಿಗೆ ಬಂದು ಹಾಕಿಸಿಕೊಂಡರು. ಬರುವಾಗ ಬೇಕರಿಯಲ್ಲಿ ಒಂದು ದಿಲ್‌ಪಸಂದ್ ತಿಂದರು. ಆ ದಿನದ ಬಗ್ಗೆ ಮನೆಯಲ್ಲಿ ಹೇಳಿದ್ದು ದಿಲ್‌ಪಸಂದಿನ ವಿಷಯ ಒಂದೇ.

ಹದಿನೆಂಟು ಬಂತು. ಅತ್ತೆಯ ಪಾಯಸವನ್ನು ನಾನು ಎರಡು ಬಟ್ಟಲು ತಿಂದೆ. ಚೆನ್ನಾಗಿತ್ತು ಅಂತಲೇ ತಿಂದೆ, ಯಾರ ಬಲವಂತವೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಮಾವ ಜಗಲಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಅವರು ಎಸ್ಟೇಟ್‌ನಲ್ಲಿ ರೈಟರ್ ಆಗಿದ್ದವರು. ಆಳುಗಳ ಹಾಜರಿ ಕೂಗಿ ಕೂಗಿ ನಿವೃತ್ತರಾದ ಗಂಟಲು ಅದು, ಪಕ್ಕದ ಮನೆಗೂ ಕೇಳುತ್ತದೆ. ಹಾಜರಿ ಶುರುವಾಯಿತು.

"ಅವ್ವಾ, ಬಾತಾ?" ಬಣ್ಣ ಬಂತಾ ಅಂತ.

"ಬಾತ್" ಎಂದರು ಅಜ್ಜಿ ಕೋಣೆಯಿಂದ.

ಅತ್ತೆಗೆ ಬಂದಿತ್ತು. ಗಂಡನಿಗೆ ಬಂದಿತ್ತು. ಮಾವನಿಗಂತೂ ದಾಸವಾಳದ ಹೂವಿನಷ್ಟು ಕೆಂಪಗೆ ಬಂದಿದೆ ಎಂದು ಅವರೇ ಸಾರಿದರು.

"ಸೊಸೆಗೆ?"

"ಇಲ್ಲ ಮಾವ, ಬಂದಿಲ್ಲ. ತಿಳಿಹಳದಿ" ಎಂದೆ. ವರದಿ ಕೊಡುವುದು ಅಭ್ಯಾಸವಾಗಿಬಿಟ್ಟಿದೆ, ಏನು ಮಾಡಲಿ?

ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುವುದು ಇದಕ್ಕೇ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಅತ್ತೆ ಬಾಗಿಲಿಗೆ ಬಂದು, "ಎಂಥ? ಬಣ್ಣ ಇಲ್ಲೆಯಾ? ಸಮ ನೋಡಿದಾ?" ಎಂದರು. ಸಮ ನೋಡಿದೆಯಾ ಅಂತ! ದಿನಾ ಅದನ್ನೇ ನೋಡಿ ಸಂಬಳ ತರುವವಳನ್ನು! ನನಗೆ ಸಿಟ್ಟು ಬಂತು. "ನೋಡಿದ್ದೇನೆ ಅತ್ತೆ, ಒಂದು ಚೂರೂ ಇಲ್ಲ" ಎಂದೆ, ಬೇಕಾದದ್ದಕ್ಕಿಂತ ಜೋರಾಗಿಯೇ. ಅವರ ಮುಖ ಸಣ್ಣಗಾಯಿತು. ಒಳಗೆ ಹೋದರು.

ಸಂಜೆ ಬಂದಾಗ ತೀರ್ಪು ಸಿದ್ಧವಾಗಿತ್ತು. ನಾನು ದಿನವಿಡೀ ಜ್ವರದವರ ನಡುವೆ ಇರುವವಳು. ಮದ್ದು ಹತ್ತದ ಮೈ. ಆದ್ದರಿಂದ ಆಟಿ ಕಳೆಯುವವರೆಗೆ ಅಜ್ಜಿಯ ಕೋಣೆಗೆ ಕಾಲಿಡಬಾರದು. ಇನ್ನೊಂದು ಸಲ ಪಾಯಸ ಮಾಡಿ ಕೊಡಿ ಎಂದರೆ, ಈಗ ಅದು ಬರೀ ಸೊಪ್ಪಲ್ಲವಾ? ಲಸಿಕೆಯ ಮಾತೆತ್ತಿದೆ. "ಅದಕ್ಕೆ ಬಣ್ಣ ಬಾದುಟ್ಟಾ?" ಎಂದು ಕೇಳಿದರು ಮಾವ. ಬರುವುದಿಲ್ಲ ಎಂದು ಒಪ್ಪಿಕೊಳ್ಳಬೇಕಾಯಿತು.

ಗಂಡ ನನ್ನನ್ನು ಪಕ್ಕಕ್ಕೆ ಕರೆದು, "ಬೀಟ್‌ರೂಟ್ ತಿನ್ನು, ನಾಳೆ ಬಂತು ಅನ್ನು" ಎಂದ. ಅವನ ಜೀವಮಾನದಲ್ಲಿ ಅವನು ಕೊಟ್ಟ ಅತ್ಯಂತ ಖಚಿತವಾದ ಸಲಹೆ ಅದು. ನಾನು ಒಪ್ಪಲಿಲ್ಲ. ವರದಿಯಲ್ಲಿ ಸುಳ್ಳು ಬರೆಯುವವಳಲ್ಲ ನಾನು ಎಂದು ಅವನ ಮೇಲೆ ಹಾರಾಡಿ, ಹೋಗಿ ಮಲಗಿದೆ. ನಿದ್ದೆ ಬರಲಿಲ್ಲ. ಅಂದು ಬಾಚದ ತಲೆಯೆಲ್ಲ ತುರಿಸಿದ ಹಾಗಾಗುತ್ತಿತ್ತು.

ಕೋಣೆಯೊಳಗೆ ಹೋಗಬಾರದು ಅಂದಿದ್ದರೇ ಹೊರತು ಕೋಣೆಯ ಹೊರಗೆ ನಿಲ್ಲಬಾರದು ಅಂದಿರಲಿಲ್ಲ. ಅಜ್ಜಿಯ ಕಿಟಕಿ ಕಾಫಿ ಒಣಗಿಸುವ ಕಣದ ಕಡೆಗಿತ್ತು. ಮರುದಿನ ಸಂಜೆ ಕೊಡೆ ಹಿಡಿದುಕೊಂಡು ಕಣಕ್ಕೆ ಇಳಿದು, ಕಿಟಕಿಗೆ ಬೆನ್ನು ಹಾಕಿ, ತಲೆಯನ್ನು ಹಿಂದಕ್ಕೆ ಚಾಚಿ ಸರಳುಗಳಿಗೆ ಒತ್ತಿ ನಿಂತೆ. ಅಜ್ಜಿ ಒಳಗಿನಿಂದ ಕೈ ಹಾಕಿ ಕೂದಲು ಎಳೆದುಕೊಂಡು ಬಾಚತೊಡಗಿದರು. ಹೊರಗೆ ಮಳೆ ಸುರಿಯುತ್ತಿತ್ತು. ಮೊಣಕಾಲಿನ ಕೆಳಗೆಲ್ಲ ನೆನೆದು ತೊಪ್ಪೆ. ಅಜ್ಜಿಗೆ ಫ್ಲೂ ಬಾರದಿರಲಿ ಎಂಬ ಕಾರಣಕ್ಕೆ ನಾನು ಆಟಿಯ ಮಳೆಯಲ್ಲಿ ನಿಂತಿದ್ದೆ.

ಅತ್ತೆ ನೋಡಿಯೇ ನೋಡಿದರು. "ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ" ಎಂದು ಹಣೆ ಚಚ್ಚಿಕೊಂಡರು. ಆದರೆ ಕಾನೂನಿನಲ್ಲಿ ಅದಕ್ಕೆ ತಡೆ ಇರಲಿಲ್ಲ. ಎರಡು ನಿಮಿಷ ಬಿಟ್ಟು ಅವರೇ ಇನ್ನೊಂದು ಕೊಡೆ ಹಿಡಿದು, ಕರಿಮೆಣಸಿನ ಕಷಾಯದ ಲೋಟ ತಂದು ನನ್ನ ಕೈಗೆ ತುರುಕಿದರು. "ಕುಡಿ, ಇಲ್ಲದಿದ್ರೆ ಶೀತ ಆದೆ." ಕೊಡೆ ಒಂದು ಕೈಯಲ್ಲಿ, ಲೋಟ ಇನ್ನೊಂದರಲ್ಲಿ, ತಲೆ ಕಿಟಕಿಯಲ್ಲಿ. ಕಷಾಯ ಬಾಯಿಗೆ ಹೋಗಬೇಕಾದರೆ ತಲೆ ಎತ್ತಬೇಕು, ಎತ್ತಿದರೆ ಅಜ್ಜಿ "ಅಲ್ಲಾಡ್ಬೇಡ" ಎಂದು ಜಡೆ ಜಗ್ಗುತ್ತಿದ್ದರು.

ಇದು ದಿನಾ ನಡೆಯಿತು. ಒಂದು ಸಂಜೆ ಪಕ್ಕದ ಎಸ್ಟೇಟಿನ ಲೈನ್‌ಮನೆಗೆ ಹಿಂತಿರುಗುತ್ತಿದ್ದ ಇಬ್ಬರು ಆಳುಗಳು ನನ್ನನ್ನು ಕಂಡು ಬೇಲಿಯ ಬಳಿ ನಿಂತರು. ನನ್ನ ತಲೆ ಸರಳಿಗೆ ಸಿಕ್ಕಿಹಾಕಿಕೊಂಡಿದೆ ಎಂದೇ ಅವರಿಗೆ ಅನ್ನಿಸಿತು. "ಅಕ್ಕಾ, ಹೆದರ್ಬೇಡಿ, ಹಾರೆ ತರ್ತೇವೆ" ಎಂದು ಓಡಿದರು. ಬೇಡ ಎಂದು ನಾನು ಕೂಗಿದ್ದು ಮಳೆಯಲ್ಲಿ ಕೇಳಲಿಲ್ಲ. ಹಾರೆ ತಂದವರಿಗೆ ನಡೆದದ್ದನ್ನು ವಿವರಿಸಿದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೊರಟುಹೋದರು. ಆಮೇಲೆ ಆ ದಾರಿಯಲ್ಲಿ ಬರುವಾಗ ನಮ್ಮ ಮನೆ ದಾಟುವವರೆಗೆ ಸ್ವಲ್ಪ ಬೇಗ ನಡೆಯುತ್ತಿದ್ದರು.

ಜ್ವರ ಬಂತು. ಆದರೆ ನನಗಲ್ಲ. ಮೊದಲು ಬಿದ್ದದ್ದು ದಾಸವಾಳದ ಮಾವ. ಹಿಂದೆಯೇ ಗಂಡ. ಅವರಿಬ್ಬರಿಗೂ ಗಂಜಿ ಕಾಯಿಸುತ್ತಾ ಅತ್ತೆ. ಮನೆಯ ಮೂರು ಮೂಲೆಗಳಿಂದ ಕೆಮ್ಮು. ರಜೆ ಹಾಕಿ ಮನೆಯಲ್ಲಿ ಕೂತೆ. ನಾನು ನೋಡದ ಫ್ಲೂ ಏನಲ್ಲ, ಆದರೂ ಅಜ್ಜಿಯ ಎದೆ ನೆನೆದು ಗಳಿಗೆಗೊಮ್ಮೆ ಅವರ ಕಿಟಕಿಗೆ ಕಿವಿಗೊಟ್ಟೆ. ಅದು ಆ ಕೋಣೆಗೆ ದಾಟಿದರೆ ಏನು ಗತಿ?

ಮಧ್ಯಾಹ್ನ ಜಗಲಿಯಲ್ಲಿ ಕಂಬಳಿ ಹೊದ್ದುಕೊಂಡು ಮೂವರೂ ಸಭೆ ಸೇರಿದರು. ಅಜ್ಜಿಗೆ ಗಂಜಿ ಕೊಡುವವರು ಯಾರು? ಇದೇ ಪ್ರಶ್ನೆ. "ಮದ್ದು ಇದ್ದವಕ್ಕೆ ಜ್ವರ ಉಟ್ಟು. ಜ್ವರ ಇಲ್ಲದವಕ್ಕೆ ಮದ್ದು ಇಲ್ಲೆ" ಎಂದು ಮಾವ ಸೀನುತ್ತಾ ಸಮಸ್ಯೆಯನ್ನು ಮಂಡಿಸಿದರು. ಗಂಡ ಎರಡೂ ಕಡೆಯ ವಾದದಲ್ಲಿ ಸತ್ಯವಿದೆ ಅಂದ. ಪಾಯಸ ತಿಂದೂ ಜ್ವರ ಬಂತಲ್ಲ ಮಾವ ಎಂದು ನಾನು ಚುಚ್ಚಿದೆ. "ತಿನ್ನದಿದ್ರೆ ಇಷ್ಟೊತ್ತಿಗೆ ಸತ್ತೇ ಹೋಗ್ತಿದ್ದೆ" ಎಂದರು ಅವರು. ಅದಕ್ಕೆ ಜಗತ್ತಿನ ಯಾವ ಲ್ಯಾಬಿನಲ್ಲೂ ಉತ್ತರವಿಲ್ಲ.

ಕೊನೆಗೆ ಅತ್ತೆಯೇ ದಾರಿ ಹುಡುಕಿದರು. ಹಳೆಯ ಏರ್ಪಾಡೇ ಇರಲಿ, ಗಂಜಿಯೂ ಕಿಟಕಿಯಿಂದಲೇ ಹೋಗಲಿ. ಬಟ್ಟಲು ಸರಳಿನ ನಡುವೆ ತೂರುವುದಿಲ್ಲ. ಹಾಗಾಗಿ ನಾನು ಮಾಸ್ಕ್ ಕಟ್ಟಿಕೊಂಡು ಮಳೆಯಲ್ಲಿ ನಿಂತು, ಚಮಚದಲ್ಲಿ ಗಂಜಿ ಒಳಗೆ ಚಾಚಿದೆ. ಅರ್ಧ ಗಂಜಿ, ಅರ್ಧ ಮಳೆನೀರು. ಅಜ್ಜಿ ಸ್ವಲ್ಪ ಹೊತ್ತು ಸಹಿಸಿದರು. ಆಮೇಲೆ ಚಮಚವನ್ನು ತಳ್ಳಿ, "ನಾನೇನ್ ದುಬಾರೆ ಕ್ಯಾಂಪಿನ ಆನೆನಾ, ಹೊರಗಿಂದ ತಿನ್ಸಿಕೆ?" ಎಂದು ಎದ್ದರು. ಗೋಡೆ ತಡವುತ್ತಾ ಹೋಗಿ ಬಾಗಿಲು ತೆರೆದು, "ಒಳಗೆ ಬಾ" ಎಂದು ಮನೆಯೆಲ್ಲ ಕೇಳುವಂತೆ ಕೂಗಿದರು.

ನಾನು ಬಟ್ಟೆ ಬದಲಿಸಿ, ಸೋಪು ಹಾಕಿ ಕೈ ತೊಳೆದು, ಹೊಸ ಮಾಸ್ಕ್ ಕಟ್ಟಿಕೊಂಡು ಒಳಗೆ ಹೋದೆ. ಅತ್ತೆ ಜಗಲಿಯಿಂದ ನೋಡುತ್ತಿದ್ದರು. ಕೆಮ್ಮಿ ಕೆಮ್ಮಿ ಅವರ ಗಂಟಲು ಕಟ್ಟಿತ್ತು, ಬೈಯಲೂ ಸ್ವರ ಇರಲಿಲ್ಲ.

ಗಂಜಿ ಕುಡಿದ ಮೇಲೆ ಅಜ್ಜಿ, "ನೀ ಬಂತು ಅಂತ ಹೇಳಿದ್ರೆ ಎಂಥ ಆಗ್ತಿತ್ತು?" ಎಂದರು.

"ಬಂದಿರಲಿಲ್ಲವಲ್ಲ ಅಜ್ಜಿ. ನಿಮಗೆ ಬಂದಿತ್ತು, ನೀವು ಹೇಳಿದ್ರಿ."

"ನಂಗೆ?" ಅಜ್ಜಿ ನಕ್ಕರು. "ನಂಗೆ ಈ ಕಣ್ಣಲ್ಲಿ ನಿನ್ನ ಮುಖವೇ ಸಮ ಕಾಂಬದಿಲ್ಲೆ. ಅದರ ಬಣ್ಣ ಎಲ್ಲಿ ಕಾಂಬದು? ಎಷ್ಟೋ ವರ್ಷ ಆತ್ ನಾ ನೋಡದೆ."

"ಮತ್ತೆ ಯಾಕೆ ಬಂತು ಅಂತೀರಿ?"

"ನಿನ್ನ ಅತ್ತೆ ಆ ಮಳೇಲಿ ಹೋಗಿ ಸೊಪ್ಪು ಕೊಯ್ದು ತಂದು ಬೇಯ್ಸಿ ಕೊಟ್ಟುಟ್ಟು. ಬಣ್ಣ ಬಾತ್ಲೆ ಅಂತ ಹೇಳಿಕೆ ನಂಗೆ ಬಾಯಿ ಬಾದುಲೆ."

ಹದಿನೆಂಟರ ಬೆಳಿಗ್ಗೆ ಅತ್ತೆ ಸೊಪ್ಪಿನ ಕಟ್ಟು ತಂದು ಹಾಕಿ ಅಡುಗೆಮನೆಯಲ್ಲಿ ಕೂತಾಗ, ಕಾಲಿಗೆ ಇಂಬಳ ಕಚ್ಚಿ ಪಾದದ ಮೇಲೆಲ್ಲ ರಕ್ತ ಇಳಿದಿದ್ದನ್ನು ನಾನೂ ಕಂಡಿದ್ದೆ. ಅದರ ಮೇಲೆ ಸುಣ್ಣ ಹಚ್ಚಿಕೊಂಡು, ಪಾಯಸದ ಮೊದಲ ಬಟ್ಟಲನ್ನು ನನಗೇ ಕೊಟ್ಟಿದ್ದರು. ಮರುದಿನ ಅವರ ಮುಖ ಸಣ್ಣಗಾದದ್ದು ಮದ್ದಿನ ಚಿಂತೆಯಿಂದ ಮಾತ್ರ ಅಲ್ಲ ಎಂದು ನನಗೆ ಆಗ ಅರ್ಥವಾಯಿತು, ಅರ್ಥವಾಗಿ ಸಂಕಟವಾಯಿತು.

ಅಜ್ಜಿಗೆ ಒಂದು ಸೀನು ಕೂಡ ಬರಲಿಲ್ಲ. ಪಾಯಸವೋ ಸೂಜಿಯೋ ಎಂದು ಮನೆಯಲ್ಲಿ ಇಂದಿಗೂ ಇತ್ಯರ್ಥವಾಗಿಲ್ಲ. ಅಜ್ಜಿಯ ಪ್ರಕಾರ ದಿಲ್‌ಪಸಂದ್. ಮುಂದಿನ ಮಳೆಗಾಲಕ್ಕೆ ಮೊದಲು ಮಾತ್ರ ಮಾವ, ಯಾರೂ ಕೇಳದಿದ್ದರೂ, ಮಡಿಕೇರಿಯಲ್ಲಿ ತಮಗೆ ಬೇರೆ ಕೆಲಸವಿದೆ ಎಂದು ನನ್ನ ಜೊತೆ ಬಂದು ತೋಳು ಒಡ್ಡಿದರು. ಅತ್ತೆಯೂ ಬಂದರು.

ಆ ವರ್ಷದ ಹದಿನೆಂಟಕ್ಕೂ ಪಾಯಸ ಆಯಿತು. ನಾನು ಮನಸ್ಸಿನಲ್ಲೇ ಅಭ್ಯಾಸ ಮಾಡಿಕೊಂಡೆ. ಬಂತು ಮಾವ, ಬಂತು ಮಾವ. ಜನ್ಮದಲ್ಲಿ ಮೊದಲ ಸಲ ಸುಳ್ಳು ವರದಿ ಕೊಡಲು ತಯಾರಾಗಿ ಮಲಗಿದೆ.

ಬೆಳಿಗ್ಗೆ ನೋಡಿದರೆ ನಿಜವಾಗಿಯೂ ಬಂದಿತ್ತು. ಅಚ್ಚ ಕೆಂಪು, ನೇರಳೆಗೆ ತಿರುಗಿದ ಕೆಂಪು. ನಾನು ಬಚ್ಚಲಿನಲ್ಲಿ ಒಬ್ಬಳೇ ನಕ್ಕೆ. ಮುಖ ತೊಳೆದು ಜಗಲಿಗೆ ಓಡಿ ಬಂದು ನಿಂತೆ. ಮಾವ ಹಾಜರಿ ಕೂಗಿದರು. ಅವ್ವನಿಗೆ ಬಾತ್, ಮಗನಿಗೆ ಬಾತ್, ಹೆಂಡತಿಗೆ ಬಾತ್. ನನ್ನ ಸರದಿ ಬಂದಾಗ ಒಮ್ಮೆ ಅಡುಗೆಮನೆಯ ಕಡೆ ನೋಡಿ, ಕೆಮ್ಮಿ, "ಆತ್, ಎಲ್ಲಾ ಸರಿ ಉಟ್ಟು" ಎಂದು ಮುಗಿಸಿಬಿಟ್ಟರು. ನನ್ನನ್ನು ಕೇಳಬಾರದೆಂದು ಅತ್ತೆ ಮೊದಲೇ ಹೇಳಿಟ್ಟಿದ್ದರು.

"ಮಾವ, ನನಗೂ ಬಂತು" ಎಂದೆ.

ಗಂಡ ತಲೆ ತಗ್ಗಿಸಿ ಕಾಫಿಯೊಳಗೆ ನಕ್ಕ. ಅತ್ತೆ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದರು.

"ಬಾತಾ?"

"ಬಂತು ಅತ್ತೆ. ನಿಜವಾಗಿ ಬಂತು. ಒಳ್ಳೇ ಕೆಂಪು."

ನಿಜವಾಗಿ ಅಂದದ್ದೇ ತಪ್ಪಾಯಿತು. ಅವರು ನನ್ನನ್ನೇ ನೋಡುತ್ತಾ ನಿಂತರು. ಕಣ್ಣು ತುಂಬಿತು. ಹತ್ತಿರ ಬಂದು ನನ್ನ ತಲೆಯ ಮೇಲೆ ಕೈಯಿಟ್ಟು, "ಇರ್ಲಿ ಮಗ, ಇರ್ಲಿ. ಅಷ್ಟು ಹೇಳಿದಲ್ಲಾ, ನಂಗೆ ಅಷ್ಟೇ ಸಾಕ್" ಎಂದರು.

ಒಂದು ಅಕ್ಷರವೂ ನಂಬಿರಲಿಲ್ಲ. ಬ್ಯಾಗಿನಲ್ಲಿ ಸ್ಯಾಂಪಲ್ ಡಬ್ಬಿ ಇತ್ತು, ಬೇಕೆಂದರೆ ಎರಡು ನಿಮಿಷದಲ್ಲಿ ಸಾಕ್ಷಿ ತಂದು ತೋರಿಸಬಹುದಿತ್ತು. ಅತ್ತೆಯ ಕೈ ಇನ್ನೂ ತಲೆಯ ಮೇಲಿತ್ತು. ನಾನು ಅಲ್ಲಾಡದೆ ನಿಂತೆ.